ಹಾಡು ಕೇಳುವವರು, ಹಾಡು ಬೇಕಾದವರು

ನಾನಿರುವುದು ಮೈಸೂರಿನಲ್ಲಿ. ರಾಗ ಹಾಕುತ್ತೇನೆ, ಹಾಡುತ್ತೇನೆ. ತತ್ವಪದ, ಸ್ವಂತ ಹಾಡು, ಆಗೀಗ ಒಂದಿಷ್ಟು ರಂಗಗೀತೆ. ಯಾವ ಆಡಿಯೋ ಕಂಪನಿಯ ಹಂಗೂ ಇಲ್ಲ. ಮನೆಯ ಒಂದು ಕೋಣೆಯಲ್ಲಿ ರೆಕಾರ್ಡ್ ಮಾಡಿ, ಮಿಕ್ಸಿಂಗ್ ಮಾತ್ರ ಬೆಂಗಳೂರಿನಲ್ಲಿ ಮಾಡಿಸಿ, ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಯೂಟ್ಯೂಬ್ ಎಲ್ಲ ಕಡೆ ಹಾಕುತ್ತೇನೆ. ಒಂದು ಹಾಡು ಲಕ್ಷ ದಾಟಿತು. ಮನೆಯಲ್ಲಿ ಪಾಯಸವಾಯಿತು. ಕೆಲವು ತಿಂಗಳ ನಂತರ ಹಣ ಬಂತು. ಲೆಕ್ಕ ಹಾಕಿದರೆ ಮಿಕ್ಸಿಂಗ್ ಖರ್ಚೂ ಹುಟ್ಟಿರಲಿಲ್ಲ.

ಇದರಲ್ಲಿ ಮೋಸವೇನೂ ಇಲ್ಲ. ಆ್ಯಪ್‌ನವರು ಒಂದು ದೇಶದಲ್ಲಿ ಆ ತಿಂಗಳು ಬಂದ ಹಣವನ್ನೆಲ್ಲ ಒಂದು ಕಡೆ ಸೇರಿಸುತ್ತಾರೆ. ತಮ್ಮ ಪಾಲು ತೆಗೆದು, ಉಳಿದದ್ದನ್ನು ಯಾರ ಹಾಡು ಎಷ್ಟು ಸಲ ಕೇಳಲ್ಪಟ್ಟಿತು ಅಂತ ನೋಡಿ ಹಂಚುತ್ತಾರೆ. ನಮ್ಮ ದೇಶದಲ್ಲಿ ಹೆಚ್ಚಿನವರು ಜಾಹೀರಾತು ಸಹಿಸಿಕೊಂಡು ಪುಕ್ಕಟೆ ಕೇಳುವವರು. ದುಡ್ಡು ಕಟ್ಟುವವರಿಗೂ ದರ ಕಡಿಮೆ. ಹಾಗಾಗಿ ಒಂದು ಸಲ ಕೇಳಿದ್ದಕ್ಕೆ ಪೈಸೆ ಲೆಕ್ಕದಲ್ಲಿ ಸಿಗುತ್ತದೆ. 2024ರಿಂದ ಸ್ಪಾಟಿಫೈನಲ್ಲಿ ಇನ್ನೊಂದು ನಿಯಮವೂ ಬಂದಿದೆ. ಹಿಂದಿನ 12 ತಿಂಗಳಲ್ಲಿ ಒಂದು ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗ್ ಹಣವೇ ಇಲ್ಲ. ನನ್ನ ಅರ್ಧ ಹಾಡುಗಳು ಆ ಗೆರೆಯ ಕೆಳಗಿವೆ.

ಹಾಗಂತ ಹಾಡುಗಳನ್ನು ಅಲ್ಲಿಂದ ತೆಗೆದಿಲ್ಲ. ಯಾರಾದರೂ ಕೆಲಸ ಕೊಡುವ ಮೊದಲು ಕೇಳುವುದು ಅದೇ ಲಿಂಕನ್ನು ತಾನೇ. ಆದರೆ ಅದರಿಂದ ಬಾಡಿಗೆ ಕಟ್ಟುತ್ತೇನೆ ಅನ್ನೋ ಆಸೆ ಬಿಟ್ಟೆ. ಹಳೆಯ ಬ್ಯಾಂಕ್ ಪಾಸ್‌ಬುಕ್ ತೆಗೆದು, ಇಷ್ಟು ವರ್ಷ ಸಂಗೀತದಿಂದ ಬಂದ ಒಂದೊಂದು ಜಮೆಯ ಪಕ್ಕ ಯಾರು ಕೊಟ್ಟದ್ದು, ಯಾಕೆ ಕೊಟ್ಟದ್ದು ಅಂತ ಬರೆದೆ. ಹೇಳಿಕೊಳ್ಳುವಂಥ ಮೊತ್ತ ಕೊಟ್ಟವರಲ್ಲಿ ನನ್ನ ಅಭಿಮಾನಿಗಳು ಹೆಚ್ಚಿಗೆ ಇರಲಿಲ್ಲ. ಒಂದು ಸಹಕಾರಿ ಬ್ಯಾಂಕು, ಒಂದು ಶಾಲೆ, ಒಂದು ನಾಟಕ ತಂಡ, ಒಂದಿಷ್ಟು ಕನ್ನಡ ಸಂಘಗಳು, ನ್ಯೂಜೆರ್ಸಿಯಲ್ಲಿ ಮಗಳಿಗೆ ಹಾಡು ಕಲಿಸಬೇಕು ಅಂತಿದ್ದ ಒಬ್ಬ ತಾಯಿ. ಇವರಿಗೆಲ್ಲ ಒಂದು ನಿರ್ದಿಷ್ಟ ದಿನಕ್ಕೆ, ನಿರ್ದಿಷ್ಟ ಕಾರಣಕ್ಕೆ ಒಂದು ಹಾಡು ಬೇಕಾಗಿತ್ತು. ಕೇಳುವವರಿಗಿಂತ ಬೇಕಾದವರೇ ದುಡ್ಡು ಕೊಡುತ್ತಾರೆ. ಅಲ್ಲಿಂದ ಮುಂದೆ ಬೇಕಾದವರನ್ನು ಹುಡುಕುವುದೇ ನನ್ನ ಕೆಲಸವಾಯಿತು.

ಮೊದಲು ಕಾಗದದ ಕೆಲಸ ಮುಗಿಸಿದೆ. ಬೋರು ಹೊಡೆಸುವ ಭಾಗ, ಆದರೆ ಬಿಡುವಂತಿಲ್ಲ. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಸಾಹಿತ್ಯ ಮತ್ತು ರಾಗ ಒಂದು. ಅದನ್ನು ಹಾಡಿ ಮುದ್ರಿಸಿದ ರೆಕಾರ್ಡಿಂಗ್ ಇನ್ನೊಂದು. ನಮ್ಮ ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರು ತಂದುಕೊಡುವುದು ರೆಕಾರ್ಡಿಂಗಿನ ಹಣ. ಸಾಹಿತ್ಯ ಬರೆದವರಿಗೆ, ರಾಗ ಹಾಕಿದವರಿಗೆ ಬರುವ ಹಣದ ದಾರಿ ಬೇರೆ. ಅದನ್ನು ವಸೂಲಿ ಮಾಡುವುದು ಐಪಿಆರ್‌ಎಸ್. 1969ರಲ್ಲಿ ಮುಂಬೈಯಲ್ಲಿ ಶುರುವಾದ ಸಂಸ್ಥೆ. 2017ರಲ್ಲಿ ಕಾಪಿರೈಟ್ ಸೊಸೈಟಿಯಾಗಿ ಮತ್ತೆ ನೋಂದಣಿ ಪಡೆದಿದೆ. ರೇಡಿಯೋ, ಟಿವಿ, ಹೋಟೆಲು, ದೊಡ್ಡ ಕಾರ್ಯಕ್ರಮ, ಆ್ಯಪ್‌ಗಳು ಎಲ್ಲರಿಂದಲೂ ಪರವಾನಗಿ ಹಣ ಪಡೆದು ಸದಸ್ಯರಿಗೆ ಹಂಚುತ್ತದೆ. ಸದಸ್ಯರಲ್ಲದವರ ಪಾಲು ಅವರನ್ನು ಹುಡುಕಿಕೊಂಡು ಮನೆಗೆ ಬರುವುದಿಲ್ಲ, ಅಷ್ಟೇ.

ಅರ್ಜಿ ಕಷ್ಟವಿರಲಿಲ್ಲ. ಪ್ಯಾನ್ ಕಾರ್ಡು, ಬ್ಯಾಂಕಿನ ವಿವರ, ಬಿಡುಗಡೆಯಾದ ಹಾಡುಗಳ ಪಟ್ಟಿ. ಕಷ್ಟವಾದದ್ದು ಒಂದೊಂದು ಹಾಡಿನಲ್ಲಿ ಯಾರದ್ದೆಷ್ಟು ಪಾಲು ಅಂತ ಬರೆಯುವುದು. ನನ್ನ ಹಾಡುಗಳನ್ನು ಹೆಚ್ಚಾಗಿ ಬರೆಯುವುದು ದೊಡ್ಡಪ್ಪನ ಮಗಳು. ಹಾಸನದ ಕಡೆ ಶಾಲೆಯಲ್ಲಿ ಕನ್ನಡ ಮೇಡಂ. ಪಾಲಿನ ಕಾಗದಕ್ಕೆ ಸಹಿ ಹಾಕು ಅಂದರೆ ಅವಳಿಗೆ ಬೇಜಾರು.

“ನಮ್ಮಿಬ್ಬರ ಮಧ್ಯೆ ಕಾಗದ ಏನಕ್ಕೋ? ನಾನೇನು ಕೋರ್ಟಿಗೆ ಹೋಗ್ತೀನಾ?”

“ನೀನು ಹೋಗಲ್ಲ ಅಕ್ಕ. ಹಾಡಿನ ಹಕ್ಕು ನಾವು ಸತ್ತ ಮೇಲೂ 60 ವರ್ಷ ಇರುತ್ತೆ. ನಿನ್ನ ಮೊಮ್ಮಕ್ಕಳು, ನನ್ನ ಮೊಮ್ಮಕ್ಕಳು ಮುಖ ನೋಡಿಕೊಳ್ಳದ ಹಾಗೆ ಆಗೋದು ಬೇಡ.”

ಸಾವಿನ ಮಾತು ಬಂದದ್ದಕ್ಕೆ ಇನ್ನೊಂದಿಷ್ಟು ಬೈದಳು. ಆಮೇಲೆ ಸಹಿ ಹಾಕಿದಳು. ಸಾಹಿತ್ಯ ಅರ್ಧ, ರಾಗ ಅರ್ಧ. ಹಾಡುವವರಿಗೂ 2012ರ ಕಾಪಿರೈಟ್ ತಿದ್ದುಪಡಿ ರಾಯಲ್ಟಿಯ ಹಕ್ಕು ಕೊಟ್ಟಿದೆ. ಅದನ್ನು ನೋಡಿಕೊಳ್ಳುವ ಸಂಘ ಬೇರೆ, ಅದಕ್ಕೆ ಅರ್ಜಿಯೂ ಬೇರೆ.

ತತ್ವಪದಗಳದ್ದು ಸ್ವಲ್ಪ ಸೂಕ್ಷ್ಮ. ಶಿಶುನಾಳ ಶರೀಫರು 1819ರಿಂದ 1889ರವರೆಗೆ ಬದುಕಿದ್ದವರು. ಅವರ ಮಾತು ಈಗ ನಾಡಿನ ಸ್ವತ್ತು. ಆ ಮಾತಿಗೆ ನಾನೇ ಹೊಸದಾಗಿ ರಾಗ ಹಾಕಿದರೆ ರಾಗ ನನ್ನದು. ಭಜನಾ ಮಂಡಳಿಯವರು ತಲೆತಲಾಂತರದಿಂದ ಹಾಡುವ ಮಟ್ಟಿನಲ್ಲೇ ಹಾಡಿದರೆ ರೆಕಾರ್ಡಿಂಗ್ ಮಾತ್ರ ನನ್ನದು. ಇದನ್ನು ನೋಂದಣಿಯಲ್ಲಿ ಸರಿಯಾಗಿ ಬರೆಯಬೇಕು. ಯಾಕೆಂದರೆ ಒಂದು ಸಲ ನಾನೇ ರಾಗ ಹಾಕಿದ ಶರೀಫರ ಪದಕ್ಕೆ ಯೂಟ್ಯೂಬಿನಲ್ಲಿ ಯಾವುದೋ ಕಂಪನಿಯ ಹಕ್ಕುಸಾಧನೆ ಬಂತು. ಜಾಹೀರಾತಿನ ಹಣ ತಡೆಹಿಡಿಯಲಾಯಿತು. ಅವರ ಬಳಿ ಅದೇ ಪದದ ಬೇರೊಂದು ರೆಕಾರ್ಡಿಂಗ್ ಇತ್ತು, ಅಷ್ಟಕ್ಕೇ ಯೂಟ್ಯೂಬಿನ ಯಂತ್ರ ಎರಡೂ ಒಂದೇ ಅಂದುಕೊಂಡಿತ್ತು. ತಕರಾರು ಸಲ್ಲಿಸಿದೆ. ಮೂಲ ರೆಕಾರ್ಡಿಂಗಿನ ಫೈಲು, ಸಾಹಿತ್ಯ ಯಾಕೆ ಸಾರ್ವಜನಿಕ ಸ್ವತ್ತು ಅನ್ನುವ ವಿವರ, ರಾಗದ ನೋಂದಣಿ, ಎಲ್ಲ ಕೈಯಲ್ಲಿದ್ದವು. ಉತ್ತರ ಕೊಡಲು ಎದುರಿನವರಿಗೆ 30 ದಿನ ಇರುತ್ತದೆ. ಅವರು ಕೊಡಲಿಲ್ಲ, ಹಾಡು ಬಿಡುಗಡೆಯಾಯಿತು. ಕಾಗದ ಇಲ್ಲದವರು ಇಂಥ ಕಡೆ ಸುಮ್ನೆ ಬಿಟ್ಟುಬಿಡುತ್ತಾರೆ. ಎಷ್ಟೋ ಜನಪದ ಹಾಡಿನ ಹಣ ಹೀಗೇ ಯಾರ್ಯಾರ ಖಾತೆಗೋ ಹೋಗುತ್ತಿರಬೇಕು.

ಇನ್ನು ವೇದಿಕೆ. ಕನ್ನಡ ಹಾಡುಗಾರರ ಸುಗ್ಗಿ ನವೆಂಬರ್. ಒಂದನೇ ತಾರೀಖು ರಾಜ್ಯೋತ್ಸವ ಅಂತ ಹೆಸರಿಗೆ. ಕಂಪನಿ, ಬ್ಯಾಂಕು, ಅಪಾರ್ಟ್‌ಮೆಂಟು, ಆಟೋ ನಿಲ್ದಾಣದ ಸಂಘ, ಎಲ್ಲರೂ ತಮಗೆ ಅನುಕೂಲವಾದ ಶನಿವಾರ ಭಾನುವಾರ ಮಾಡುತ್ತಾರೆ, ಡಿಸೆಂಬರ್ ಬಂದರೂ ಮುಗಿಯುವುದಿಲ್ಲ. ಅದಕ್ಕೂ ಮುಂಚೆ ಗಣೇಶನ ಹಬ್ಬ, ದಸರಾ. ಆಷಾಢದಲ್ಲಿ ಮದುವೆಗಳಿಲ್ಲ, ನಮಗೂ ಕೆಲಸವಿಲ್ಲ. ವರ್ಷದ ಈ ಏರಿಳಿತ ಗೊತ್ತಿದ್ದರೆ ಆಷಾಢದಲ್ಲಿ ರೆಕಾರ್ಡಿಂಗ್ ಇಟ್ಟುಕೊಳ್ಳಬಹುದು. ನವೆಂಬರಿಗೆ ಜೂನ್‌ನಿಂದಲೇ ಫೋನ್ ಮಾಡಬಹುದು. ನಾನು ಹಾಗೇ ಮಾಡುತ್ತೇನೆ.

ಸಂಭಾವನೆಯ ಮಾತು ಮಾತ್ರ ಬೇರೆಯೇ ಕಲೆ. ನಮ್ಮಲ್ಲಿ ‘ಪ್ರವೇಶ ಉಚಿತ, ಸರ್ವರಿಗೂ ಆದರದ ಸ್ವಾಗತ’ ಅನ್ನುವ ಸಂಪ್ರದಾಯ ದೊಡ್ಡದು. ಅದರ ಒಳ್ಳೆಯತನದಿಂದಲೇ ನಾನೂ ಚಿಕ್ಕಂದಿನಲ್ಲಿ ದೊಡ್ಡ ದೊಡ್ಡ ವಿದ್ವಾಂಸರನ್ನು ಕೇಳಿದ್ದೇನೆ. ಆದರೆ ಕೇಳುಗರಿಗೆ ಉಚಿತ ಅಂದರೆ ಕಲಾವಿದರೂ ಉಚಿತ ಅಂತ ಕೆಲವು ಸಂಘಟಕರು ತಿಳಿದಿರುತ್ತಾರೆ. ಒಮ್ಮೆ ನಡೆದ ಮಾತುಕತೆ ಇದು:

“ಸಾರ್, ಕನ್ನಡದ ಕೆಲಸ. ದುಡ್ಡಿನ ಮಾತು ಆಡೋದು ಬೇಡ ಅಂತ…”

“ಆಗ್ಲಿ ಸಾರ್. ಶಾಮಿಯಾನದವರಿಗೆ ಎಷ್ಟು ಕೊಡ್ತಿದ್ದೀರಿ?”

“ಅದು ಬೇರೆ ಬಿಡಿ ಸಾರ್.”

“ಮೈಕ್‌ನವರಿಗೆ?”

“ಅವರು ಕೊಡದೆ ಬರ್ತಾರಾ ಸಾರ್?”

ಹೇಳಿ ಮುಗಿಸಿದ ಮೇಲೆ ಅವರಿಗೇ ನಗು ಬಂತು. ಒಂದು ಮೊತ್ತಕ್ಕೆ ಒಪ್ಪಿದರು.

ದುಡ್ಡಿನ ಬದಲಿಗೆ ಸಿಗುವುದು ಸನ್ಮಾನ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಸ್ಮರಣಿಕೆ. ಬೀರುವಿನಲ್ಲಿ ಶಾಲುಗಳಿಗೆ ಜಾಗ ಸಾಲುತ್ತಿಲ್ಲ. ಈಗ ಮೊದಲೇ ನಯವಾಗಿ ಹೇಳುತ್ತೇನೆ: “ಶಾಲು ಪೇಟ ಬೇಡ ಸಾರ್, ಆ ದುಡ್ಡನ್ನ ತಬಲಾದವರ ಸಂಭಾವನೆಗೆ ಸೇರಿಸಿಬಿಡಿ.” ಕೆಲವರು ಒಪ್ಪುತ್ತಾರೆ. ಕೆಲವರು ಸೇರಿಸಿ, ಶಾಲನ್ನೂ ಹೊದಿಸುತ್ತಾರೆ. ಫೋಟೋ ಬೇಕಲ್ಲ.

ಒಂದು ಪುಟದ ಕಾಗದ ಸಿದ್ಧ ಮಾಡಿಟ್ಟುಕೊಂಡಿದ್ದೇನೆ. ಮೂರು ಜನರ ತಂಡಕ್ಕೆ ಒಂದು ದರ, ಆರು ಜನರದ್ದಕ್ಕೆ ಇನ್ನೊಂದು. ಪ್ರಯಾಣ, ಊಟ, ಎಷ್ಟು ಮೈಕು, ನಮಗೆ ಕೇಳಿಸುವ ಮಾನಿಟರ್ ಸ್ಪೀಕರ್ ಇದೆಯೇ, ಅರ್ಧ ಹಣ ಮುಂಗಡ, ಉಳಿದದ್ದು ವೇದಿಕೆ ಹತ್ತುವ ಮೊದಲು. ಕೊನೆಯ ಸಾಲು: ಹೇಳಿದ ಸಮಯಕ್ಕಿಂತ ಒಂದು ಗಂಟೆಯ ಮೇಲೆ ತಡವಾದರೆ ಹಾಡುಗಳ ಸಂಖ್ಯೆ ಕಡಿಮೆಯಾಗುತ್ತದೆ. ಇದು ಬೇಕೇ ಬೇಕು. ಆರಕ್ಕೆ ಅಂತ ಕರೆದು, ಅತಿಥಿಗಳ ಭಾಷಣವೆಲ್ಲ ಮುಗಿದು, ಒಂಬತ್ತೂವರೆಗೆ ಖಾಲಿ ಕುರ್ಚಿಗಳ ಮುಂದೆ ಹಾಡಿದವರಿಗೆ ಅದರ ಬೆಲೆ ಗೊತ್ತು. ವಾಟ್ಸ್‌ಆ್ಯಪ್‌ನಲ್ಲಿ ಆ ಪುಟ ಕಳಿಸಿ ‘ಓಕೆ’ ಅಂತ ಉತ್ತರ ಬಂದ ಮೇಲಷ್ಟೇ ದಿನ ಖಾತ್ರಿ. ಪಕ್ಕವಾದ್ಯದವರ ಹಣ ಅದೇ ರಾತ್ರಿ ಅವರ ಕೈಗೆ. ನನಗೆ ಬಾಕಿ ಉಳಿದರೂ ಸರಿ. ಒಳ್ಳೆಯ ತಬಲಾದವರು ನಮ್ಮನ್ನು ಬಿಟ್ಟುಹೋಗದೆ ಇರುವುದಕ್ಕೆ ಇದಕ್ಕಿಂತ ಬೇರೆ ಗುಟ್ಟಿಲ್ಲ.

ಮದುವೆ ಆರತಕ್ಷತೆಗಳಿಗೂ ಹೋಗುತ್ತೇನೆ. ಕೆಲವು ಗೆಳೆಯರಿಗೆ ಅದು ಕೀಳು ಅನ್ನಿಸುತ್ತದೆ. ಜನ ಊಟದ ಕಡೆ ನೋಡುತ್ತಿರುತ್ತಾರೆ, ಹಾಡಿನ ಮಧ್ಯೆ ವಧೂವರರ ಫೋಟೋಗೆ ಮೈಕಿನಲ್ಲಿ ಕರೆಯುತ್ತಾರೆ, ನಿಜ. ಆದರೆ ಮುಂಗಡ ಸಕಾಲಕ್ಕೆ ಕೊಡುವವರು ಮದುವೆ ಮನೆಯವರೇ. ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಧಾರ್ಮಿಕ ವಿಧಿಗಳಲ್ಲಿ, ಮದುವೆಯ ಮೆರವಣಿಗೆ ಮತ್ತು ಅದಕ್ಕೆ ಸೇರಿದ ಸಮಾರಂಭಗಳಲ್ಲಿ ಹಾಡಿದ್ದಕ್ಕೆ ಹಕ್ಕಿನ ಉಲ್ಲಂಘನೆಯಿಲ್ಲ. ಸರ್ಕಾರದ ಅಧಿಕೃತ ಸಮಾರಂಭಗಳಿಗೂ ಹಾಗೇ. ಅಂದರೆ ಅಲ್ಲಿ ನನ್ನ ಹಾಡನ್ನು ಯಾರು ಹಾಡಿದರೂ ನನಗೆ ರಾಯಲ್ಟಿ ಬರುವುದಿಲ್ಲ. ನಾನೇ ಹೋಗಿ ಹಾಡಿದರೆ ಸಿಗುವ ಸಂಭಾವನೆಯೇ ಪೂರ್ತಿ ಆದಾಯ. ಅದಕ್ಕೇ ಅಲ್ಲಿ ದರ ಸ್ವಲ್ಪ ಜಾಸ್ತಿ.

ಟಿಕೆಟ್ ಇಟ್ಟೂ ನೋಡಿದೆ. ಸರಸ್ವತಿಪುರಂನಲ್ಲಿ ಗೆಳೆಯನ ಮನೆಯ ತಾರಸಿ. ಜಮಖಾನೆ ಹಾಸಿ, ಎರಡೇ ಸ್ಪೀಕರ್ ಇಟ್ಟು, ಬರೀ ಸ್ವಂತ ಹಾಡು. ಟಿಕೆಟ್ ಅಂದರೆ ಹಿಂಜರಿಯುತ್ತಿದ್ದವರು, ಕೊನೆಗೆ ಕಾಫಿ ಕೊಡುವ ಕಡೆ ಯುಪಿಐ ಕ್ಯೂಆರ್ ಇಟ್ಟರೆ ಟಿಕೆಟ್ ದರಕ್ಕಿಂತ ಜಾಸ್ತಿ ಹಾಕಿ ಹೋದರು. ಅಲ್ಲಿಂದ ತಾರಸಿ ಬೈಠಕ್‌ಗೆ ಟಿಕೆಟ್ ಇಲ್ಲ, ಕ್ಯೂಆರ್ ಮಾತ್ರ. ಬೆಂಗಳೂರಿನಲ್ಲಿ ಇದು ತಿರುಗುಮುರುಗು. ಅಲ್ಲಿ ಮೊದಲೇ ಟಿಕೆಟ್ ಮಾರದಿದ್ದರೆ ಸಂಜೆಯ ಟ್ರಾಫಿಕ್ ನೋಡಿ ಅರ್ಧ ಜನ ಮನೆಯಲ್ಲೇ ಉಳಿಯುತ್ತಾರೆ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಹೇಳಿಸಿಕೊಂಡು ಮಾಡುವ ಹಾಡುಗಳು. ಶಾಲಾ ಗೀತೆ, ಬ್ಯಾಂಕಿನ ಸುವರ್ಣ ಮಹೋತ್ಸವದ ಗೀತೆ, ಮತದಾನ ಜಾಗೃತಿಯ ಹಾಡು, ನಾಟಕದ ಹಾಡು. ಚುನಾವಣೆ ಬಂದರೆ ಪಕ್ಷಗಳ ಪ್ರಚಾರದ ಹಾಡೂ ಕೇಳುತ್ತಾರೆ, ಕೈತುಂಬ ಕೊಡುತ್ತಾರೆ. ನಾನು ಮಾಡುವುದಿಲ್ಲ. ಮಾಡುವವರ ಬಗ್ಗೆ ದೂರೂ ಇಲ್ಲ. ಆ ದುಡ್ಡಿನಲ್ಲಿ ಒಳ್ಳೆಯ ಸ್ಟುಡಿಯೋ ಕಟ್ಟಿಕೊಂಡವರಿದ್ದಾರೆ.

ಇವುಗಳಲ್ಲಿ ರಾಜ ಅಂದರೆ ಕಸದ ಗಾಡಿಯ ಹಾಡು. ಹತ್ತಿರದ ಒಂದು ಪುರಸಭೆಯವರು ಹಸಿ ಕಸ, ಒಣ ಕಸ ಬೇರೆ ಮಾಡಿ ಅನ್ನುವ ಹಾಡು ಬೇಕು ಅಂದರು. ಸುಲಭ ಅಂದುಕೊಳ್ಳಬೇಡಿ. ಗಾಡಿಯ ಮೇಲಿರುವುದು ಹಾರ್ನ್ ಸ್ಪೀಕರ್. ಅದರಲ್ಲಿ ಬೇಸ್ ಬರುವುದೇ ಇಲ್ಲ. ಗಿಟಾರಿನ ದಪ್ಪ ತಂತಿಗಳ ಕೆಲಸವೆಲ್ಲ ವ್ಯರ್ಥ. ಧ್ವನಿ, ತಾಳ, ಶಹನಾಯಿಯಂಥ ಚೂಪು ದನಿ ಇಷ್ಟೇ ಉಳಿಯುತ್ತದೆ. ಗಾಡಿ ಮನೆ ಮುಂದೆ ನಿಲ್ಲುವುದು ಸ್ವಲ್ಪ ಹೊತ್ತು. ಆಲಾಪ, ಮುನ್ನುಡಿ ಸಂಗೀತ ಅಂತ ಶುರುಮಾಡಿದರೆ ಸಾಹಿತ್ಯ ಬರುವಷ್ಟರಲ್ಲಿ ಗಾಡಿ ಮುಂದಿನ ಬೀದಿ. ಹಾಡಿನ ಎಲ್ಲಿಂದ ಕೇಳಿಸಿಕೊಂಡರೂ ವಿಷಯ ಗೊತ್ತಾಗಬೇಕು. ಅಕ್ಕ ಎರಡೆರಡು ಸಾಲಿನ ಚರಣ ಬರೆದುಕೊಟ್ಟಳು. ಮಿಕ್ಸ್ ಮಾಡುವಾಗ ಸ್ಟುಡಿಯೋದ ದುಬಾರಿ ಸ್ಪೀಕರ್ ಆರಿಸಿ, ಮೈಕ್‌ಸೆಟ್ಟಿನವರಿಂದ ಬಾಡಿಗೆಗೆ ತಂದ ಹಾರ್ನ್‌ನಲ್ಲೇ ಕೇಳಿ ಸರಿಮಾಡಿದೆವು. ಪಕ್ಕದ ಮನೆಯವರು ಕಸ ಹಿಡಿದುಕೊಂಡು ಹೊರಗೆ ಬಂದರು. ಆಗ ಗೊತ್ತಾಯಿತು ಹಾಡು ಗೆದ್ದಿದೆ ಅಂತ.

ನನ್ನ ಅತ್ತೆ ಮನೆ ಅದೇ ಊರು. ಬೆಳಿಗ್ಗೆ ಅತ್ತೆ ಕೂಗುವುದು ಹೀಗೆ: “ಅಳಿಯಂದ್ರು ಬಂದ್ರು, ಬೇಗ ಕಸ ತನ್ರೇ!” ನನ್ನ ಹಾಡುಗಳಲ್ಲಿ ಅತಿ ಹೆಚ್ಚು ಜನ ಕೇಳಿರುವುದು ಬಹುಶಃ ಇದನ್ನೇ. ಯಾವ ಆ್ಯಪಿನ ಲೆಕ್ಕದಲ್ಲೂ ಅದಿಲ್ಲ.

ಸರ್ಕಾರಿ ಕಚೇರಿಗೆ ಮಾಡಿದ ಹಾಡಿನ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ ಅವರಿಗೇ ಹೋಗುತ್ತದೆ. ಹಾಗಾಗಿ ಅಲ್ಲಿ ಮುಂದೆ ಏನೋ ಬರುತ್ತದೆ ಅಂತ ಕಾಯುವಂತಿಲ್ಲ, ಮೊದಲೇ ಸರಿಯಾದ ಮೊತ್ತ ಕೇಳಬೇಕು. ಬಿಲ್ ಪಾಸಾಗುವುದು ಮಾರ್ಚ್ ಕೊನೆಯಲ್ಲಿ. ಅಲ್ಲಿಯವರೆಗೆ ನೀವು ಯಾರು ಅಂತಲೇ ಅವರಿಗೆ ಮರೆತಿರುತ್ತದೆ. ಆಮೇಲೆ ಒಂದೇ ವಾರದಲ್ಲಿ ದಿನಕ್ಕೆರಡು ಸಲ ಅವರೇ ಫೋನ್ ಮಾಡುತ್ತಾರೆ.

ಖಾಸಗಿಯವರ ಜೊತೆ ಕಾಗದ ಬೇರೆ ಥರ. ಬೆಂಗಳೂರಿನ ಜಾಹೀರಾತಿನವರು ‘ಬೈಔಟ್’ ಅನ್ನುತ್ತಾರೆ. ಒಂದೇ ಸಲ ದುಡ್ಡು, ಹಾಡು ಎಂದೆಂದಿಗೂ ಅವರದ್ದು. ಅವರು ಕಳಿಸುವ ಕಾಗದದಲ್ಲಿ ‘ಸಕಲ ಹಕ್ಕುಗಳೂ, ಜಗತ್ತಿನಾದ್ಯಂತ’ ಅಂತೆಲ್ಲ ಇರುತ್ತದೆ. ಓದಿ ಹೆದರುವುದು ಬೇಡ, ಚೌಕಾಸಿ ಮಾಡಬಹುದು. ಕಾಯ್ದೆಯ 19ನೇ ಸೆಕ್ಷನ್ ನಮ್ಮ ಕಡೆಗಿದೆ. ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ಹೇಳಿಲ್ಲ ಅಂದರೆ ಅದು ಐದೇ ವರ್ಷಕ್ಕೆ. ಪ್ರದೇಶ ಹೇಳಿಲ್ಲ ಅಂದರೆ ಭಾರತಕ್ಕೆ ಮಾತ್ರ. ಮತ್ತೆ 2012ರ ತಿದ್ದುಪಡಿಯ ನಂತರ, ಸಾಹಿತ್ಯ ಬರೆದವರು ಮತ್ತು ರಾಗ ಹಾಕಿದವರು ತಮ್ಮ ರಾಯಲ್ಟಿಯ ಸಮಪಾಲನ್ನು ಬಿಟ್ಟುಕೊಡುತ್ತೇವೆ ಅಂತ ಬರೆದುಕೊಡಲೂ ಬರುವುದಿಲ್ಲ. ಅದು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಹೋಗಬಹುದು. ಇದನ್ನು ಜಗಳದ ದನಿಯಲ್ಲಿ ಹೇಳದೆ, ಕಾಗದದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ವಾಪಸ್ ಕಳಿಸಿದರೆ ಹೆಚ್ಚಿನವರು ತಿದ್ದುತ್ತಾರೆ. ನಾನೀಗ ಮೂರು ಸಾಲು ತಪ್ಪದೆ ಬರೆಸುತ್ತೇನೆ: ಯಾವ ಬಳಕೆಗೆ, ಎಷ್ಟು ವರ್ಷಕ್ಕೆ, ಎಲ್ಲಿ.

ನಾಟಕದವರು ಇಷ್ಟು ಕೊಡಲಾರರು. ರಂಗಾಯಣ ಇರುವ ಊರಿನಲ್ಲಿ ಹವ್ಯಾಸಿ ತಂಡಗಳಿಗೆ ಬರವಿಲ್ಲ, ಅವರ ಜೇಬಿಗೆ ಸದಾ ಬರ. ಆದರೂ ನಾಟಕ ಬಿಡುವುದಿಲ್ಲ. ತಾಲೀಮಿನಲ್ಲಿ ಕೂತು, ನಟರ ಗಂಟಲು ಎಲ್ಲಿಯವರೆಗೆ ಹೋಗುತ್ತದೆ ಅಂತ ನೋಡಿ ರಾಗ ಹಾಕುವುದು ಬೇರೆ ಎಲ್ಲೂ ಕಲಿಯಲಾಗದ ವಿದ್ಯೆ. ಅಲ್ಲಿ ಸಿಕ್ಕಿದ ಪರಿಚಯದಿಂದಲೇ ಶಾಲಾ ಗೀತೆಗಳು ಬಂದವು.

ಶಾಲೆ ಅಂದಾಗ ನೆನಪಾಯಿತು, ಟ್ರ್ಯಾಕು. ಇದನ್ನು ನಾನು ಹುಡುಕಿದ್ದಲ್ಲ, ಅದೇ ನನ್ನನ್ನು ಹುಡುಕಿಕೊಂಡು ಬಂತು. ಒಬ್ಬ ಮೇಡಂ ಫೋನ್ ಮಾಡಿ “ಸಾರ್, ನಿಮ್ಮ ಹಾಡಿನ ಕರೋಕೆ ಸಿಗುತ್ತಾ? ಮಕ್ಕಳ ಹತ್ರ ಹಾಡಿಸ್ಬೇಕು” ಅಂದರು. ರೆಕಾರ್ಡಿಂಗ್ ಫೈಲಿನಲ್ಲಿ ನನ್ನ ಧ್ವನಿ ಮುಚ್ಚಿದರೆ ಟ್ರ್ಯಾಕ್ ರೆಡಿ. ಆದರೆ ನನ್ನ ಶ್ರುತಿ ಮಕ್ಕಳಿಗೆ ಆಗುವುದಿಲ್ಲ. ಗಂಡಸರಿಗೊಂದು, ಹೆಂಗಸರಿಗೊಂದು, ಮಕ್ಕಳಿಗೊಂದು ಶ್ರುತಿಯಲ್ಲಿ ಮಾಡಿಟ್ಟೆ. ಪ್ರತಿಭಾ ಕಾರಂಜಿ ಹೊತ್ತಿಗೆ ಟೀಚರ್‌ಗಳು ಇನ್ನೊಂದು ಕೇಳಿದರು: ಕಲಿಯುವುದಕ್ಕೆ ನಿಧಾನವಾಗಿ, ಒಂದೊಂದೇ ಸಾಲು ಎರಡೆರಡು ಸಲ ಹಾಡಿದ್ದು. ಅದನ್ನೂ ಮಾಡಿದೆ. ಡಿಸೆಂಬರ್–ಜನವರಿಯಲ್ಲಿ ಶಾಲಾ ವಾರ್ಷಿಕೋತ್ಸವಗಳು. ಡ್ಯಾನ್ಸಿಗೆ ಮೂರೂವರೆ ನಿಮಿಷಕ್ಕೆ ಕತ್ತರಿಸಿ, ಕೊನೆಗೆ ಮಕ್ಕಳು ಪೋಸ್ ಕೊಟ್ಟು ನಿಲ್ಲುವುದಕ್ಕೆ ಒಂದು ಜೋರಾದ ಮುಕ್ತಾಯ ಬೇಕು. ಅದಕ್ಕೆ ಬೇರೆ ದರ.

ಒಬ್ಬರಿಗೆ ಕೊಟ್ಟರೆ ಟೀಚರ್‌ಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹತ್ತಾರು ಶಾಲೆಗೆ ಹೋಗುತ್ತದೆ, ಗೊತ್ತು. ತಡೆಯುವುದಕ್ಕೆ ಹೋಗಿಲ್ಲ. ಶಾಲೆಯ ಹೆಸರು ಸೇರಿಸಿ ಹಾಡಿಕೊಡುತ್ತೇನೆ, ನಿಮ್ಮ ಮಕ್ಕಳ ಶ್ರುತಿಗೆ ಹೊಂದಿಸಿ ಕೊಡುತ್ತೇನೆ ಅಂದರೆ ಗುಂಪಿನಲ್ಲಿ ಪುಕ್ಕಟೆ ಸಿಕ್ಕವರೂ ಫೋನ್ ಮಾಡುತ್ತಾರೆ.

ಇಲ್ಲಿ ಒಂದು ಎಚ್ಚರ. ಟ್ರ್ಯಾಕ್ ಮಾರುವಾಗ ವಚನ, ದಾಸರ ಪದ, ಶರೀಫರು ಆದರೆ ತೊಂದರೆಯಿಲ್ಲ. ಬಿ.ಎಂ.ಶ್ರೀ ಕವಿತೆಯೂ ಸರಿ, ಅವರು ತೀರಿಕೊಂಡದ್ದು 1946ರಲ್ಲಿ. ಬೇಂದ್ರೆಯವರ ಕವಿತೆಗೆ ನಾವೇ ರಾಗ ಹಾಕಿದರೂ ಸಾಹಿತ್ಯಕ್ಕೆ ಅನುಮತಿ ಬೇಕು. ಅವರು ತೀರಿಕೊಂಡದ್ದು 1981ರಲ್ಲಿ, ಹಕ್ಕು 2041ರ ಕೊನೆಯವರೆಗೆ ಇದೆ. ಕುವೆಂಪು ಅವರದ್ದು 2054ರವರೆಗೆ. ಸುಗಮ ಸಂಗೀತದವರು ಇದನ್ನು ನಮ್ಮ ಮನೆಯದೇ ಹಾಡು ಅಂತ ಮರೆಯುವುದುಂಟು. ಒಬ್ಬ ಹಿರಿಯ ಕವಿಗಳ ಮನೆಯವರಿಗೆ ಪತ್ರ ಬರೆದು ಕೇಳಿದೆ. ಎರಡೇ ಷರತ್ತು ಹಾಕಿದರು. ಕವಿಯ ಹೆಸರು ಎಲ್ಲ ಕಡೆ ಇರಬೇಕು, ಒಂದು ಸಾಲನ್ನೂ ಬಿಡಬಾರದು. ಹಣದ ಪಾಲಿನ ಮಾತನ್ನು ನಾನೇ ಎತ್ತಿ ಬರೆದುಕೊಟ್ಟೆ.

ಕಲಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವ ದಾರಿ. ನಮ್ಮಲ್ಲಿ ಬೆಳಿಗ್ಗೆ ಆರು ಗಂಟೆ ಅಂದರೆ ಅಮೆರಿಕದಲ್ಲಿ ಹಿಂದಿನ ಸಂಜೆ. ಮಕ್ಕಳು ಸ್ಕೂಲು, ಈಜು ಎಲ್ಲ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಪದಗಳನ್ನು ಹಾಡುತ್ತಾರೆ. ‘ಳ’ ಬಾಯಿಗೆ ಬಂದ ದಿನ ಅಜ್ಜಿಗೆ ವಿಡಿಯೋ ಹೋಗುತ್ತದೆ. ತಿಂಗಳ ಮೊದಲ ವಾರ ಹಣ ಬರುವುದು ಈ ಒಂದು ಕೆಲಸದಿಂದ ಮಾತ್ರ. ಮನೆ ಬಾಡಿಗೆಗೆ ಇದೇ ಆಧಾರ. ಅಲ್ಲಿನ ಕನ್ನಡ ಕೂಟಗಳ ಪರಿಚಯವೂ ಹೀಗೇ ಆಯಿತು. ಅವರ ಯುಗಾದಿ, ರಾಜ್ಯೋತ್ಸವಕ್ಕೆ ಸ್ವಾಗತ ಗೀತೆ ಮಾಡಿ ಕಳಿಸುತ್ತೇನೆ.

ಉಳಿದವು ಬೇಗ ಹೇಳಿಬಿಡುತ್ತೇನೆ. ಟೀ ಶರ್ಟ್ ನಮ್ಮಲ್ಲಿ ಹೋಗಲಿಲ್ಲ. ತಂಗಿಯ ಮಕ್ಕಳು ಹಾಕಿಕೊಂಡು ಓಡಾಡುತ್ತಿದ್ದಾರೆ. ಸಿಡಿ ಕೇಳುವ ಯಂತ್ರ ಯಾರ ಮನೆಯಲ್ಲೂ ಇಲ್ಲ. ಆದರೆ ಪೆನ್‌ಡ್ರೈವ್ ಹೋಗುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಐವತ್ತು ದಾಟಿದವರು ಬಂದು “ಕಾರಲ್ಲಿ ಹಾಕ್ಕೊಳ್ಳೋಕೆ ಏನಾದ್ರೂ ಇದ್ಯಾ?” ಅಂತ ಕೇಳಿಯೇ ಕೇಳುತ್ತಾರೆ. ಹಾಡುಗಾರರೇ ನೇರವಾಗಿ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ತಾಣದಲ್ಲಿ ಆಲ್ಬಂ ಇಟ್ಟಿದ್ದೇನೆ. ಡಿಜಿಟಲ್ ಮಾರಾಟಕ್ಕೆ ಅವರು ಶೇ. 15 ಹಿಡಿಯುತ್ತಾರೆ. ಕೊಳ್ಳುವವರು ಕೆಲವೇ ಜನ, ಬಹುತೇಕ ಹೊರದೇಶದವರು. ಹೇಳಿದ ಬೆಲೆಗಿಂತ ಜಾಸ್ತಿ ಕೊಡುವ ಅವಕಾಶ ಅಲ್ಲಿದೆ, ಕೊಡುತ್ತಾರೆ ಕೂಡ. ಯೂಟ್ಯೂಬಿನ ಜಾಹೀರಾತು ಪಾಲಿಗೆ ಒಂದು ಸಾವಿರ ಚಂದಾದಾರರು ಮತ್ತು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು. ನನ್ನ ಹಾಡುಗಳಿಗಿಂತ ಹಾಡು ಕಲಿಸುವ ವಿಡಿಯೋಗಳೇ ಆ ಗಂಟೆ ತುಂಬಿಸಿದವು. ಬೇಕಾದವರು ಅಲ್ಲಿಯೂ ಇದ್ದರು ಅನ್ನಿ.

ಲೆಕ್ಕ ಬರೆಯುವುದು ಹೆಂಡತಿಯ ಪಾಲಿಗೆ ಬಂದಿದೆ. ಸಂಸ್ಥೆಗಳು ವೃತ್ತಿ ಶುಲ್ಕದಲ್ಲಿ ಶೇ. 10 ಟಿಡಿಎಸ್ ಹಿಡಿದು ಕೊಡುತ್ತವೆ. ಮೊದಲು ವರ್ಷಕ್ಕೆ 30,000 ದಾಟಿದರೆ ಹಿಡಿಯುತ್ತಿದ್ದರು, 2025ರ ಏಪ್ರಿಲ್‌ನಿಂದ ಆ ಮಿತಿ 50,000. ರಿಟರ್ನ್ಸ್ ಹಾಕಿದರೆ ಹೆಚ್ಚಿಗೆ ಹಿಡಿದದ್ದು ವಾಪಸ್ ಬರುತ್ತದೆ. ಎಷ್ಟೋ ಕಲಾವಿದರು ಹಾಕುವುದೇ ಇಲ್ಲ. ಜಿಎಸ್‌ಟಿ ಚಿಂತೆ ನನಗಿಲ್ಲ. 20 ಲಕ್ಷದ ವಹಿವಾಟು ದಾಟುವ ಕಾಲ ಬಂದರೆ ಸಂತೋಷವಾಗಿಯೇ ನೋಂದಣಿ ಮಾಡಿಸುತ್ತೇನೆ.

ಸದ್ಯಕ್ಕೆ ಒಂದು ಹಾಲು ಉತ್ಪಾದಕರ ಸಂಘದ ಐವತ್ತನೇ ವರ್ಷದ ಗೀತೆ ಕೈಯಲ್ಲಿದೆ. ಮುಂಗಡ ಬಂದಿದೆ, ಮೂರು ಸಾಲಿನ ಒಪ್ಪಂದಕ್ಕೆ ಅಧ್ಯಕ್ಷರು ಸಹಿ ಹಾಕಿದ್ದಾರೆ. ಅಕ್ಕ ಪಲ್ಲವಿ ಕಳಿಸಿದಳು, ಚೆನ್ನಾಗಿದೆ. ಕಾರ್ಯದರ್ಶಿಗಳದ್ದು ಒಂದೇ ಹಟ, ಚರಣದಲ್ಲಿ ‘ಕೊಬ್ಬಿನಂಶ’ ಅನ್ನೋ ಪದ ಬರಲೇಬೇಕಂತೆ. ಆದಿತಾಳಕ್ಕೆ ಕೂರುತ್ತಿಲ್ಲ. ತಿಶ್ರದಲ್ಲಿ ಹಾಕಿ ನೋಡಿದೆ, ಮೂರು ಮೂರು ಮಾತ್ರೆಗೆ ಸರಿಯಾಗಿ ಬಂತು.